ಪಿಳ್ಳಣ್ಣ ಬೆನ್ನು ತಿರುಗಿಸಿ ನಿಂತದ್ದು

ಕೋಗಿಲು ದಾಟಿ ಬಾಗಲೂರಿನ ಕಡೆ ಹೋಗುವಾಗ, ಅಪಾರ್ಟ್‌ಮೆಂಟುಗಳ ಸಾಲು ಮುಗಿಯುವ ಕಡೆ ಒಂದು ದೊಡ್ಡ ಹೊಂಗೆಮರ ಇದೆ. ಅದರ ಹಿಂದೆ ಕುದುರೆ ಸವಾರಿ ಕಲಿಸುವ ಜಾಗ. ಬೆಳಿಗ್ಗೆ ಹಾಲಿಗೆ ಹೋಗುವವರಿಗೆ, ವಾಕಿಂಗು ಹೋಗುವವರಿಗೆ, ಆ ಮರದ ಹತ್ತಿರ ಬರುವಾಗ ಒಂದು ದನಿ ಕೇಳಿಸುತ್ತಿತ್ತು. "ನಡೀ..." ಅಂತ ಎಳೆದು, ಸ್ವಲ್ಪ ಹೊತ್ತು ಬಿಟ್ಟು "ಟ್ರಾ...ಟ್" ಅಂತ ತುದಿಯಲ್ಲಿ ಮೇಲಕ್ಕೆತ್ತುವ ದನಿ, ಕುದುರೆಗೆ ಕುಕ್ಕುಲೋಟ ಹಿಡಿ ಅಂತ. ಅದು ಪಿಳ್ಳಣ್ಣ ಮೇಷ್ಟ್ರ ದನಿ. ಆ ದನಿ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಜನ ಇದ್ದರು. ಮುಖ ನೋಡದೆ ಇದ್ದವರಿಗೂ ದನಿ ಗೊತ್ತಿತ್ತು.

ಪಿಳ್ಳಣ್ಣನ ಅಪ್ಪ ದೊಡ್ಡಮುನಿಯಪ್ಪ ಯಶವಂತಪುರದ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಗಾಡಿ ಹೊಡೆಯುತ್ತಿದ್ದ. ಚಾವಟಿ ಗಾಡಿಯ ಪಕ್ಕದಲ್ಲಿ ಸಿಕ್ಕಿಸಿರುತ್ತಿತ್ತು, ಅದನ್ನು ಕೈಗೆ ತೆಗೆದುಕೊಂಡಿದ್ದು ಕಂಡವರಿಲ್ಲ. ನಾಲಗೆಯನ್ನು ಅಂಗುಳಕ್ಕೆ ಅಂಟಿಸಿ ಬಿಡಿಸಿದರೆ 'ಟಕ್' ಅಂತ ಒಂದು ಸದ್ದು ಬರುತ್ತದಲ್ಲ, ಅಷ್ಟೇ. ಆ ಸದ್ದಿಗೆ ಅವನ ಕುದುರೆ ಗಾಡಿ ತುಂಬ ಜನರನ್ನು ಕೂರಿಸಿಕೊಂಡು ಮತ್ತಿಕೆರೆ ದಿಣ್ಣೆ ಹತ್ತುತ್ತಿತ್ತು. ಆಟೋಗಳು ಬಂದವು, ಜಟಕಾಗಳು ಒಂದೊಂದಾಗಿ ಹೋದವು. ಕುದುರೆ ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಮಗನನ್ನು ಕರೆದುಕೊಂಡು ಯಲಹಂಕದಾಚೆ ವೆಂಕಟರಾಮಯ್ಯನವರ ಹತ್ತಿರ ಬಿಟ್ಟು ಬಂದ. ಅವರು ಮಿಲಿಟರಿಯ ಕುದುರೆ ಪಡೆಯಲ್ಲಿದ್ದು ನಿವೃತ್ತರಾಗಿ, ಹೆಂಡತಿಯ ಕಡೆಯ ಜಮೀನಿನಲ್ಲಿ ಸವಾರಿ ಶಾಲೆ ಇಟ್ಟಿದ್ದರು. "ಬೇರೇನೂ ಬರಲ್ಲ ಸ್ವಾಮಿ ಇವನ್ಗೆ. ಕುದುರೆ ಮುಂದೆ ನಿಂತ್ರೆ ಬೆದರಲ್ಲ, ಕುದುರೇನೂ ಬೆದರಲ್ಲ" ಅಂದಿದ್ದ ಅಪ್ಪ.

ಮೊದಲು ಲಾಯದ ಲದ್ದಿ ಎತ್ತಿದ. ಆಮೇಲೆ ಮೈ ಉಜ್ಜಿದ, ನೀರು ಕುಡಿಸಿದ, ನಡೆಸಿಕೊಂಡು ಬಂದ. ಆಮೇಲೆ ಬೆನ್ನ ಮೇಲೆ ಯಾರನ್ನೂ ಕೂರಿಸಿಕೊಳ್ಳದ ಎಳೆಯ ಕುದುರೆಗಳನ್ನು ಪಳಗಿಸುವ ಕೆಲಸ ಅವನ ಪಾಲಿಗೆ ಬಂತು. ಪಿಳ್ಳಣ್ಣ ಹೊಸ ಕುದುರೆಯನ್ನು ಹತ್ತುವ ಆತುರ ಪಡುತ್ತಿರಲಿಲ್ಲ. ಲಾಯದಲ್ಲಿ ಹುಲ್ಲಿನ ಮೇಲೆ ಕೂತು ಮಾತಾಡುತ್ತಿದ್ದ. ರಾಗಿ ಬೆಲೆ, ಕೆರೆ ನೀರು, ಮನೆಯಲ್ಲಿ ಆದ ಜಗಳ, ಎಲ್ಲ ಕುದುರೆಗೆ ಹೇಳುತ್ತಿದ್ದ. ಒಂದು ದಿನ ಅದು ತಾನಾಗಿ ಬಂದು ಅವನ ತಲೆಯ ಮೇಲೆ ಮೂತಿ ಇಡುತ್ತಿತ್ತು. ಆವತ್ತು ಜೀನು ಹಾಕುತ್ತಿದ್ದ.

ಯಲಹಂಕದಲ್ಲಿ ಕುದುರೆ ಸಾಕುವವರಿಗೆ ಬೇರೆ ಕಡೆ ಇಲ್ಲದ ಒಂದು ತಾಪತ್ರಯ ಇದೆ. ಏರ್‌ಫೋರ್ಸಿನ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ಆಕಾಶ ಹರಿದು ಬೀಳುವ ಹಾಗೆ ಸದ್ದು. ಪಿಳ್ಳಣ್ಣ ದೂರದಲ್ಲಿ ಸದ್ದು ಹುಟ್ಟುವಾಗಲೇ "ಊ... ಅವ್ವಾ..." ಅಂತ ಶುರುಮಾಡುತ್ತಿದ್ದ. ಮಗು ತಟ್ಟಿ ಮಲಗಿಸುವ ಹಾಗೆ. ಕುದುರೆಗಳು ತಲೆ ತಗ್ಗಿಸಿ ನಿಂತುಬಿಡುತ್ತಿದ್ದವು. ವಿಮಾನ ಹೋದ ಮೇಲೆ "ನಡೀ..." ಅನ್ನುತ್ತಿದ್ದ.

ವೆಂಕಟರಾಮಯ್ಯನವರಿಗೆ ವಯಸ್ಸಾದ ಮೇಲೆ ಕಲಿಸುವುದೂ ಅವನ ಕೈಗೆ ಬಂತು. ಸುತ್ತ ಬೇಲಿ ಹಾಕಿದ ಮರಳಿನ ರಿಂಗು, ನಡುವೆ ಉದ್ದದ ಕೋಲು ಹಿಡಿದು ಪಿಳ್ಳಣ್ಣ, ಅವನ ಸುತ್ತ ಮಕ್ಕಳನ್ನು ಹೊತ್ತ ಕುದುರೆಗಳು. ವಿದ್ಯಾರಣ್ಯಪುರದಿಂದ, ಹೆಬ್ಬಾಳದಿಂದ, ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಪಿಳ್ಳಣ್ಣನ ಹತ್ತಿರ ಕಲಿತ ಮಕ್ಕಳು ಬೀಳುವುದಿಲ್ಲ ಅನ್ನುವ ಮಾತು ಹರಡಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಹಾಗೆ ಬಂದವಳೇ ಪ್ರತಿಭಾ. ಅವಳ ಅಪ್ಪ ಪಂಚಪ್ಪ ಗದಗಿನ ಕಡೆಯವನು, ಯಶವಂತಪುರದ ಫ್ಯಾಕ್ಟರಿಯಲ್ಲಿ ಕೆಲಸ. "ಹುಡುಗಿ ಕುದುರಿ ಕುದುರಿ ಅಂತ ಪ್ರಾಣ ತಿಂತಾಳ್ರೀ ಮೇಷ್ಟ್ರ, ಒಮ್ಮೆ ಕುಂಡ್ರಿಸಿ ಬಿಡ್ರಿ, ಹುಚ್ಚು ಬಿಡ್ಲಿ" ಅಂತ ತಂದು ನಿಲ್ಲಿಸಿದ್ದ. ಹುಚ್ಚು ಬಿಡಲಿಲ್ಲ. ಆಗ ತಾನೇ ಪಳಗಿದ್ದ ಬಾದಾಮಿ ಬಣ್ಣದ ಹೆಣ್ಣು ಕುದುರೆಯ ಮೇಲೆ ಪಿಳ್ಳಣ್ಣ ಅವಳನ್ನು ಕೂರಿಸಿದ. ಆ ಕುದುರೆಗೆ ಹೆಸರೂ ಬಾದಾಮಿ ಅಂತಲೇ. ಹುಡುಗಿ ದೊಡ್ಡವಳಾಗಿ ಶಾಲೆಯಲ್ಲೇ ಪಿಳ್ಳಣ್ಣನ ಜೊತೆ ಕಲಿಸುವವಳಾದಳು. ಬಾದಾಮಿ ಮುದಿಯಾಯಿತು.

ಹೋದ ವರ್ಷ ಮಳೆಗಾಲದಲ್ಲಿ ಪಿಳ್ಳಣ್ಣನ ದನಿ ಒಡೆಯಿತು. ಧೂಳು ಅಂದುಕೊಂಡ. ಹೆಂಡತಿ ಗಂಗರತ್ನಮ್ಮ ಮೆಣಸಿನ ಕಷಾಯ ಕಾಸಿದಳು. ಲಾಳ ಹೊಡೆಯಲು ಬರುವ ಸರ್ಫರಾಜ್ ಅವನ ಹಳೆಯ ಸ್ನೇಹಿತ. "ನಿನ್ನ ಗಂಟ್ಲಿಗೂ ಒಂದು ಲಾಳ ಹೊಡೀಲಾ ಗುರು? ಸವೆದೋಗಿದೆ" ಅಂತ ನಗಾಡಿದ. ಕಷಾಯಕ್ಕೆ ಬಗ್ಗಲಿಲ್ಲ. ಆಸ್ಪತ್ರೆಯಲ್ಲಿ ಗಂಟಲಿನ ಗೆಡ್ಡೆ ಅಂದರು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತೆ ಅಂದರು. ತೆಗೆದರು. ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು, ಉಸಿರು ಅಲ್ಲಿಂದಲೇ. ಧೂಳು ಹೋಗದ ಹಾಗೆ ಅದರ ಮೇಲೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು. ಗಂಟಲಿಗೆ ಹಿಡಿದು ಮಾತಾಡುವ ಒಂದು ಮಿಷನ್ನೂ ತೋರಿಸಿದರು. ತಗಡಿನ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡ ಹಾಗಿತ್ತು ಅದರ ಸದ್ದು. ಗಂಗರತ್ನಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಇದ್ಯಾರ ದನಿಯೋ ಏನೋ. ಬ್ಯಾಡ ಬುಡಿ" ಅಂದಳು. ಅವನಿಗೂ ಬೇಡವಾಗಿತ್ತು.

ಪಿಳ್ಳಣ್ಣ ಹಾಸಿಗೆಯಲ್ಲಿ ಮಲಗಿ ಯೋಚಿಸಿದ್ದು ಒಂದೇ. ರಿಂಗಿನ ನಡುವೆ ನಿಲ್ಲುವ ಜಾಗ ತನಗೆ ಇನ್ನೂ ಇದೆಯೋ ಇಲ್ಲವೋ. ಬದುಕೆಲ್ಲ ಅಲ್ಲೇ ನಿಂತವನು. ದನಿ ಇಲ್ಲದವನು ಅಲ್ಲಿ ನಿಂತು ಏನು ಮಾಡಬೇಕು?

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಗಂಗರತ್ನಮ್ಮ ಬೇಡ ಬೇಡ ಅಂದರೂ ಕೇಳದೆ ಆಟೋ ಹತ್ತಿದ. ಅವಳೂ ಜೊತೆಗೆ ಬಂದಳು. ಹೊಂಗೆಮರದ ಹತ್ತಿರ ಇಳಿದರೆ,

"ನಡೀ..."

ಗಂಗರತ್ನಮ್ಮ ಅವನ ಮೊಣಕೈ ಹಿಡಿದುಕೊಂಡಳು. "ನಿಮ್ದೇ ಕಣ್ರೀ," ಅಂದಳು. "ನಿಮ್ ದನೀನೇ."

"ಟ್ರಾ...ಟ್."

ರಿಂಗಿನ ಕಂಬಕ್ಕೆ ಒಂದು ಕಪ್ಪು ಸ್ಪೀಕರ್ ಕಟ್ಟಿದ್ದರು. ಅದರೊಳಗಿಂದ ಪಿಳ್ಳಣ್ಣ ಕೂಗುತ್ತಿದ್ದ. ಕುದುರೆಗಳು ಕುಕ್ಕುಲೋಟ ಹಿಡಿದು ಸುತ್ತುತ್ತಿದ್ದವು. ನಡುವೆ ಯಾರೂ ಇರಲಿಲ್ಲ.

ಪ್ರತಿಭಾ ಓಡಿ ಬಂದು ಕಾಲು ಮುಟ್ಟಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಗಡಿಬಿಡಿಯಲ್ಲಿ ಹೇಳಿದಳು. "ನೀವಿಲ್ದೆ ಒಂದೂ ಕದಲ್ತಿರ್ಲಿಲ್ಲ ಮೇಷ್ಟ್ರೇ. ನಾನು ಕೂಗಿದ್ರೆ ಕಿವೀನೂ ಅಲ್ಲಾಡಿಸ್ತಿರ್ಲಿಲ್ಲ. ಹಳೇ ವೀಡಿಯೋಗಳಿಂದ ನಿಮ್ಮ ದನಿ ಮಾತ್ರ ತೆಗೆದು ಜೋಡಿಸಿದ್ವಿ. ಮೊದಲ್ನೇ ದಿನ ಹಾಕ್ದಾಗ ಬಾದಾಮಿ ಗೇಟ್ ಕಡೆ ತಿರುಗಿ ನೋಡ್ತು. ನಿಮ್ಮನ್ನ ಹುಡುಕ್ತು. ಆಮೇಲೆ ನಡೀತು."

ವೆಂಕಟರಾಮಯ್ಯನವರ ಮಗ ನಿರಂಜನ್ ಈಗ ಶಾಲೆ ನೋಡಿಕೊಳ್ಳುತ್ತಿದ್ದ. ಅವನೂ ಬಂದು ಕೈ ಹಿಡಿದುಕೊಂಡ. "ಪಿಳ್ಳಣ್ಣೋರೆ, ಬಂದ್ರಲ್ಲ, ಅದೇ ಖುಷಿ. ನೋಡಿ, ನೀವಿನ್ನೂ ಇಲ್ಲೇ ಇದೀರ. ಚೇರ್ ಹಾಕಿಸ್ತೀನಿ, ಬಂದು ಕೂತ್ಕೊಳಿ ಸಾಕು. ಟೆನ್ಷನ್ನೇ ಬೇಡ."

ಪಿಳ್ಳಣ್ಣ ಕಲ್ಲು ಬೆಂಚಿನ ಮೇಲೆ ಕೂತ. ಮೊದಲು ಎದೆ ತುಂಬಿ ಬಂತು. ಹೋಯಿತು ಅಂದುಕೊಂಡದ್ದು ಹೋಗಿಲ್ಲ, ಇಲ್ಲೇ ಕಂಬದ ಮೇಲಿದೆ. ಸ್ವಲ್ಪ ಹೊತ್ತಾದ ಮೇಲೆ ಅವನ ಕಣ್ಣು ಅಭ್ಯಾಸದಂತೆ ಮಕ್ಕಳ ಕಾಲಿನ ಕಡೆ ಹೋಯಿತು. ತಂತಿಯ ಮೇಲೆ ಒಣಹಾಕಿದ ಬಟ್ಟೆಯ ಹಾಗೆ ಕಾಲುಗಳು ಜೋತಾಡುತ್ತಿದ್ದವು. ಬಾದಾಮಿಯ ಮೇಲೆ ಮೋನಿಕಾ ಅಂತ ಒಂದು ಪುಟ್ಟ ಹುಡುಗಿ, ಲಗಾಮಿನಿಂದ ಒಂದು ಕೈ ಬಿಟ್ಟು ಆ ಕೈಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಸ್ಪೀಕರ್ "ಟ್ರಾ...ಟ್" ಅಂದಿತು. ಬಾದಾಮಿ ಓಡಿತು. ಹುಡುಗಿ ಕುದುರೆಯನ್ನು ಏನೂ ಕೇಳಿರಲಿಲ್ಲ. ಕಾಲು ಒತ್ತಿರಲಿಲ್ಲ, ಬೆನ್ನು ನೆಟ್ಟಗೆ ಮಾಡಿರಲಿಲ್ಲ.

ಪಿಳ್ಳಣ್ಣನಿಗೆ ಆಗ ಹೊಳೆಯಿತು. ತಾನು ನಡುವೆ ನಿಂತಿದ್ದಾಗಲೂ ಹೀಗೇ ಇತ್ತಲ್ಲ. ಕಾಲು ಒತ್ತಿ ಅಂತ ಮಕ್ಕಳಿಗೆ ಹೇಳುತ್ತಿದ್ದ, ಅವರು ಒತ್ತುವುದಕ್ಕೆ ಮೊದಲೇ ಅವನ ದನಿ ಕುದುರೆಗೆ ಮುಟ್ಟಿರುತ್ತಿತ್ತು.

ಅಷ್ಟರಲ್ಲಿ ದೂರದಲ್ಲಿ ವಿಮಾನದ ಸದ್ದು ಹುಟ್ಟಿತು. ಪಿಳ್ಳಣ್ಣ ಎದ್ದು ನಿಂತ. ಸ್ಪೀಕರಿಗೆ ಕಿವಿ ಇರಲಿಲ್ಲ. ಅದು ತನ್ನ ಪಾಡಿಗೆ "ಕ್ಯಾಂ...ಟರ್" ಅಂದಿತು, ಜೋರಾಗಿ ಓಡು ಅಂತ. ಬಾದಾಮಿ ಒಂದು ಗಳಿಗೆ ತಡೆಯಿತು. ತಲೆಯ ಮೇಲೆ ಆಕಾಶ ಹರಿಯುತ್ತಿದೆ, ನಂಬಿದ ದನಿ ಓಡು ಅನ್ನುತ್ತಿದೆ. ಓಡಿತು. ಪಿಳ್ಳಣ್ಣ ಬಾಯಿ ತೆರೆದ. ಅವ್ವಾ ಅನ್ನಬೇಕಾದ ಕಡೆ ಕುತ್ತಿಗೆಯ ಬಟ್ಟೆ ಒಂದು ಸಲ ಉಬ್ಬಿ ತಗ್ಗಿತು, ಅಷ್ಟೇ. ಅವನು ಬೇಲಿ ದಾಟಿ ಓಡಿಬರುವ ಹೊತ್ತಿಗೆ ಮೋನಿಕಾ ಮರಳಿನ ಮೇಲೆ ಬಿದ್ದಿದ್ದಳು.

ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಕೂಡಿಕೊಳ್ಳುತ್ತೆ ಅಂದರು ಡಾಕ್ಟರು. ಹುಡುಗಿಯನ್ನು ಕಾರಿನಲ್ಲಿ ಕಳಿಸಿದ ಮೇಲೆ ಪಿಳ್ಳಣ್ಣ ಕಂಬದ ಹತ್ತಿರ ಹೋಗಿ ಸ್ಪೀಕರಿನ ವೈರು ಕಿತ್ತ. "ನಡೀ" ಅನ್ನುವ ಮಾತು ಅರ್ಧಕ್ಕೆ ನಿಂತಿತು.

ನಿರಂಜನ್ ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. "ವಿಮಾನ ಬಂದಾಗ ಆಫ್ ಮಾಡೋಕೆ ಒಬ್ಬರನ್ನ ಕೂರಿಸ್ತೀನಿ. ಆದ್ರೆ ಬಾಕ್ಸ್ ಇಲ್ದೆ ಕುದುರೆ ಓಡ್ಬೇಕಲ್ಲ ಪಿಳ್ಳಣ್ಣೋರೆ? ಓಡದೇ ಇರೋ ಕುದುರೆ ಇಟ್ಕೊಂಡು ಏನ್ ಸ್ಕೂಲ್ ನಡೆಸ್ಲಿ?"

ಪಿಳ್ಳಣ್ಣ ಕೋಲಿನ ತುದಿಯಲ್ಲಿ ಮರಳಿನ ಮೇಲೆ ಬರೆದ. ಮೂರನೇ ಕ್ಲಾಸಿನ ದಪ್ಪ ದಪ್ಪ ಅಕ್ಷರ. 'ಯುಗಾದಿ ತನಕ ಬಿಡು'.

ನಿರಂಜನ್ ಬಗ್ಗಿ ಅದನ್ನು ಓದಿದ. "ಯುಗಾದಿ ತನಕ. ಬಾದಾಮಿ ಒಂದು ನಡೀಲಿ, ಬಾಕ್ಸ್ ಇಲ್ದೆ, ನಿಮ್ಮ ದನಿ ಇಲ್ದೆ. ನಡೀತು ಅಂದ್ರೆ ರಿಂಗು ನಿಮ್ದು. ಇಲ್ಲ ಅಂದ್ರೆ ಬಾಕ್ಸ್ ಹಾಕ್ತೀನಿ, ನೀವು ಮನೇಲಿ ರೆಸ್ಟ್ ತಗೊಳ್ಳಿ. ಬೇಜಾರ್ ಮಾಡ್ಕೋಬಾರ್ದು."

ಸಂಜೆ ಗಂಗರತ್ನಮ್ಮ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಪ್ರತಿಭಾಳಿಗೆ ಹೇಳಿ ಆ ದನಿಯನ್ನು ತನ್ನ ಫೋನಿಗೆ ಹಾಕಿಸಿಕೊಂಡು ಬಂದಿದ್ದಳು. ಮೊರದ ಪಕ್ಕದಲ್ಲಿ ಫೋನು "ನಡೀ" ಅನ್ನುತ್ತಿತ್ತು, "ನಿಲ್ಲವ್ವಾ" ಅನ್ನುತ್ತಿತ್ತು. ಅವಳು ಕೊನೆಯ ತನಕ ಕೇಳಿದಳು.

"ಬರೀ ಕುದ್ರೆ ಜೊತೇಲೇ ಮಾತಾಡಿದೀರ," ಅಂದಳು ಕಡೆಗೆ. "ಇಷ್ಟುದ್ದ ಐತೆ, ನನ್ ಎಸ್ರು ಒಂದ್ಸಲನೂ ಇಲ್ಲ ಇದ್ರಲ್ಲಿ."

ಪಿಳ್ಳಣ್ಣ ತಲೆ ತಗ್ಗಿಸಿದ. ಆಮೇಲೆ ಅವಳ ಮುಖಕ್ಕೆ ಮುಖ ಕೊಟ್ಟು, ಸದ್ದಿಲ್ಲದ ಬಾಯಲ್ಲಿ, ತುಟಿ ಮಾತ್ರ ಆಡಿಸಿ ಅವಳ ಹೆಸರು ಹೇಳಿದ. ಪೂರ್ತಿ ಹೆಸರು. ಅವಳು ಕೈಯಲ್ಲಿದ್ದ ಕಾಳು ಬಿಟ್ಟು ನೋಡಿದಳು.

"ಕೇಳುಸ್ತು ಬುಡಿ," ಅಂದಳು.

ಮಾರನೇ ದಿನದಿಂದ ಕೆಲಸ ಶುರುವಾಯಿತು. ಪ್ರತಿಭಾ ಬಾದಾಮಿಯ ಮೇಲೆ, ಪಿಳ್ಳಣ್ಣ ಕೆಳಗೆ. ಅವಳ ಮೀನಖಂಡವನ್ನು ಕೈಯಲ್ಲಿ ಹಿಡಿದು ಕುದುರೆಯ ಪಕ್ಕೆಗೆ ಒತ್ತಿ ತೋರಿಸುತ್ತಿದ್ದ. ಇಲ್ಲಿ, ಇಷ್ಟು, ಒತ್ತಿದ ಕೂಡಲೇ ಬಿಡು. ಬಾದಾಮಿ ಕಣ್ಣು ಅರೆಮುಚ್ಚಿ ನಿಂತಿರುತ್ತಿತ್ತು. ಪಕ್ಕೆಯ ಮೇಲೆ ನೊಣ ಕೂತಷ್ಟೂ ಲೆಕ್ಕವಿಲ್ಲ. ವರ್ಷಗಟ್ಟಲೆ ಎಷ್ಟೋ ಮಕ್ಕಳ ಕಾಲು ಅಲ್ಲಿ ಸುಮ್ಮನೆ ಬಡಿದುಕೊಂಡು, ಆ ಜಾಗ ಕಿವುಡಾಗಿತ್ತು.

ಒಂದು ದಿನ ಪ್ರತಿಭಾ ತಡೆದುಕೊಳ್ಳದೆ ಜೀನಿನ ಮೇಲಿಂದಲೇ ಅತ್ತಳು. "ಹೈಸ್ಕೂಲಲ್ಲಿದ್ದಾಗ ಕಾಂಪಿಟಿಷನ್ನಿಗೆ ಕರ್ಕೊಂಡ್ ಹೋಗಿದ್ರಲ್ಲ ಮೇಷ್ಟ್ರೇ, ನೆನಪಿದೆಯಾ? ಹೊರಗಿಂದ ಯಾರೂ ಕೂಗಬಾರ್ದು ಅಂತ ರೂಲ್ಸು. ಬಾದಾಮಿ ಗೆರೆ ಹತ್ರ ನಿಂತಿದ್ದು ಕದಲಲೇ ಇಲ್ಲ. ಎಲ್ಲಾರೂ ನಕ್ರು. ನೀನು ಹೆದರ್ಕೊಂಡೆ, ಅದಕ್ಕೇ ಅಂದ್ರಿ ನೀವು. ನಾನು ಅದನ್ನೇ ನಂಬ್ಕೊಂಡಿದ್ದೆ. ಹೆದರಿರ್ಲಿಲ್ಲ ಮೇಷ್ಟ್ರೇ ನಾನು. ನಂಗೆ ಬರ್ತಾನೇ ಇರ್ಲಿಲ್ಲ."

ಪಿಳ್ಳಣ್ಣನಿಗೆ ನೆನಪಿತ್ತು. ಕೋಲು ತೆಗೆದುಕೊಂಡು ಮರಳಿನಲ್ಲಿ ಏನೋ ಬರೆಯಲು ಬಗ್ಗಿದ. ಕೋಲು ಅಲ್ಲಾಡಿದ್ದೇ ತಡ, ಬಾದಾಮಿ ನಡೆಯಲು ಶುರುಮಾಡಿತು. ಪ್ರತಿಭಾ ಅಳು ನಿಲ್ಲಿಸಿ ಅವನ ಮುಖ ನೋಡಿದಳು. ಅವನು ಕೋಲನ್ನು ಬೇಲಿಯಾಚೆ ಎಸೆದ. ಆಮೇಲೆ ಅದನ್ನು ಎತ್ತಿಕೊಳ್ಳಲಿಲ್ಲ.

ಕೋಲಿಲ್ಲದೆ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಪ್ರತಿಭಾ ಕಾಲು ಒತ್ತಿದಳು, ಬಾದಾಮಿ ಮುಂದೆ ಹೆಜ್ಜೆ ಇಟ್ಟಿತು. ಅವಳು ಕಿರುಚಿದಳು, ಪಿಳ್ಳಣ್ಣ ಚಪ್ಪಾಳೆ ಹೊಡೆದ. ಬೇಲಿಯ ಹತ್ತಿರ ಲಾಳಕ್ಕೆ ಮೊಳೆ ಆರಿಸುತ್ತಾ ಕೂತಿದ್ದ ಸರ್ಫರಾಜ್ ಮಾತ್ರ ನಗಲಿಲ್ಲ.

"ನಿನ್ ಎಡ ಭುಜ ಎತ್ತಿದ್ದೆ ಕಣೋ," ಅಂದ. "ಅವಳು ಕಾಲು ಒತ್ತೋ ಮೊದ್ಲೇ. ಕುದ್ರೆ ಕಣ್ಣೆಲ್ಲ ನಿನ್ ಮೇಲೇ ಇದೆ. ಇನ್ನೊಂದ್ ಸಲ ಮಾಡ್ಸು, ನಾನು ನೋಡ್ತೀನಿ."

ಇನ್ನೊಂದು ಸಲ ಮಾಡಿಸಿದರು. ಪಿಳ್ಳಣ್ಣ ಭುಜ ಬಿಗಿಹಿಡಿದು ನಿಂತ. ಬಾದಾಮಿ ಅವನನ್ನೇ ನೋಡುತ್ತಾ ನಿಂತಿತು, ಹೇಳು, ಏನು ಬೇಕು ಅನ್ನುವ ಹಾಗೆ.

"ಯಾರೋ ನಿನ್ನ ಮೂಗ ಅಂದೋರು?" ಅಂದ ಸರ್ಫರಾಜ್. "ಮೈಯೆಲ್ಲ ಬಾಯಿ ನಿಂಗೆ. ನೀನು ಹಿಂಗೆ ಅದರ ಕಣ್ಣಿಗೆ ಕಣ್ಣು ಕೊಟ್ಟು ನಿಂತಿರೋವರ್ಗೂ ಈ ಹುಡ್ಗಿ ಮಾತು ಅದು ಕೇಳಲ್ಲ ಬಿಡು."

ಹೊರಟುಹೋಗಬಹುದಿತ್ತು. ಆದರೆ ಅವನು ಗೇಟು ದಾಟಿದರೆ ಬಾದಾಮಿ ಕೆನೆದು ಗೇಟಿಗೇ ಬಂದು ನಿಲ್ಲುತ್ತಿತ್ತು. ಅವನು ಅಲ್ಲೇ ಇರಬೇಕು, ಇದ್ದೂ ಏನೂ ಹೇಳಬಾರದು. ಅದು ಹೇಗೆ ಅಂತ ಪಿಳ್ಳಣ್ಣನಿಗೆ ಯಾರೂ ಕಲಿಸಿರಲಿಲ್ಲ. ಕಡೆಗೆ ಅವನು ಬಾದಾಮಿಗೆ ಬೆನ್ನು ಹಾಕಿ ನಿಂತ. ಅಷ್ಟು ವರ್ಷದಲ್ಲಿ ಮೊದಲನೇ ಸಲ. ಲಾಯದಲ್ಲಿರುವವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಕುದುರೆಗೆ ಬೆನ್ನು ಕೊಡಬೇಡ ಅನ್ನುವುದಾಗಿತ್ತು.

ಬೆನ್ನು ಹಾಕಿದ ಮೇಲೂ ಬಾದಾಮಿ ಬೇಗ ಒಪ್ಪಲಿಲ್ಲ. ಅವನ ಹಿಂದೆ ಬಂದು ಮೂತಿಯಲ್ಲಿ ಬೆನ್ನು ತಿವಿಯುತ್ತಿತ್ತು. ಅವನು ತಿರುಗುತ್ತಿರಲಿಲ್ಲ. ಆ ದಿನಗಳಲ್ಲಿ ಮನೆಗೆ ಬಂದು ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಕೂಗುವ ಮಗುವಿಗೆ ಓಗೊಡದೆ ಕೂತ ಹಾಗಿತ್ತು ಅವನಿಗೆ.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ನಿರಂಜನ್ ಬೇಲಿಯ ಹತ್ತಿರ ಬಂದು ನಿಂತ. ಸ್ಪೀಕರ್ ಇನ್ನೂ ಕಂಬದ ಮೇಲೇ ಇತ್ತು. ಸರ್ಫರಾಜ್ ಬಂದಿದ್ದ. ಗಂಗರತ್ನಮ್ಮ ಬೇವಿನ ಸೊಪ್ಪು ತರುತ್ತೇನೆ ಅಂತ ನೆಪ ಹೇಳಿ ಬಂದಿದ್ದಳು. ಕೈಯಲ್ಲಿ ಚೀಲ ಇತ್ತು, ಸೊಪ್ಪು ಇರಲಿಲ್ಲ. ತೋಳಿನ ಪಟ್ಟಿ ಬಿಚ್ಚಿದ್ದ ಮೋನಿಕಾ ಅಮ್ಮನ ಜೊತೆ ಕಲ್ಲು ಬೆಂಚಿನ ಮೇಲೆ ಕೂತಿದ್ದಳು.

ಪ್ರತಿಭಾ ರಿಕಾಪಿಗೆ ಕಾಲಿಟ್ಟು ಹತ್ತಿ ಕೂತಳು. ಪಿಳ್ಳಣ್ಣ ಬಾದಾಮಿಯ ಹಣೆ ಒಂದು ಸಲ ಸವರಿ, ರಿಂಗಿನ ನಡುವೆ ಹೋಗಿ, ಹೊಂಗೆಮರದ ಕಡೆ ಮುಖ ಮಾಡಿ ನಿಂತ. ಕೈಯೆರಡನ್ನೂ ಮುಂದೆ ಕಟ್ಟಿಕೊಂಡ, ಭುಜ ಆಡದ ಹಾಗೆ.

ಹಿಂದೆ ಏನೂ ಸದ್ದಿಲ್ಲ. ಜೀನಿನ ತೊಗಲು ಒಂದು ಸಲ ಕಿರುಗುಟ್ಟಿತು. ಪ್ರತಿಭಾ ಕಾಲು ಒತ್ತಿದಳು ಅಂತ ಗೊತ್ತಾಯಿತು. ಬಾದಾಮಿ ಉಸಿರು ಬಿಟ್ಟಿತು, ಕದಲಲಿಲ್ಲ. ಮತ್ತೆ ಕಿರುಗುಟ್ಟಿತು. ಬೇಲಿಯ ಹತ್ತಿರ ನಿರಂಜನ್ ಗಂಟಲು ಸರಿಮಾಡಿಕೊಂಡ.

ಆಗ ಪಿಳ್ಳಣ್ಣನ ನಾಲಗೆ ತಾನಾಗಿ ಅಂಗುಳಕ್ಕೆ ಹೋಗಿ ಅಂಟಿತು. ದನಿ ಹೋಗಿತ್ತು, ನಾಲಗೆ ಹೋಗಿರಲಿಲ್ಲ. ಯಶವಂತಪುರದ ಸ್ಟೇಷನ್ನಿನ ಮುಂದೆ ಅಪ್ಪ ಮಾಡುತ್ತಿದ್ದ ಆ ಒಂದು ಸದ್ದು. ಒಂದೇ ಒಂದು ಸಲ ಬಿಡಿಸಿದರೆ ಸಾಕು, ಬಾದಾಮಿ ಓಡುತ್ತದೆ. ಬೇಲಿಯ ಹತ್ತಿರದವರಿಗೆ ಕೇಳಿಸುವುದೂ ಇಲ್ಲ. ರಿಂಗು ಅವನಿಗೆ ಉಳಿಯುತ್ತದೆ.

ದೂರದಲ್ಲಿ ವಿಮಾನದ ಸದ್ದು ಹುಟ್ಟಿತು.

ಪಿಳ್ಳಣ್ಣ ನಾಲಗೆಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ಹಿಡಿದ.

ವಿಮಾನ ಬಂತು. ತಲೆಯ ಮೇಲೆ, ಮರದ ಮೇಲೆ, ಎಲ್ಲದರ ಮೇಲೆ ಬಂತು. ಅವನಿಗೆ ಬೆನ್ನ ಹಿಂದಿನದು ಏನೂ ಕೇಳಿಸಲಿಲ್ಲ. ಹುಡುಗಿ ಇದ್ದಾಳೋ ಬಿದ್ದಳೋ, ಕುದುರೆ ನಿಂತಿದೆಯೋ ಓಡಿದೆಯೋ ತಿಳಿಯಲಿಲ್ಲ. ಕುತ್ತಿಗೆಯ ಬಟ್ಟೆ ಉಸಿರಿಗೆ ಎದ್ದು ಬೀಳುತ್ತಿತ್ತು. ಎದುರಿಗೆ ಗಂಗರತ್ನಮ್ಮನ ಮುಖ ಕಾಣುತ್ತಿತ್ತು. ಅವಳು ಅವನನ್ನು ನೋಡುತ್ತಿರಲಿಲ್ಲ, ಅವನ ಹಿಂದಕ್ಕೆ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡ. ಅವಳ ಮುಖದಿಂದಲೂ ತಿಳಿದುಕೊಳ್ಳುವುದು ಬೇಡ ಅನಿಸಿತು.

ಸದ್ದು ತೆಳ್ಳಗಾಗುತ್ತಾ ಜಕ್ಕೂರಿನ ಕಡೆ ಹೋಯಿತು. ಅದರ ಅಡಿಯಿಂದ ಇನ್ನೊಂದು ಸದ್ದು ಮೇಲೆ ಬಂತು. ಮರಳಿನ ಮೇಲೆ ಗೊರಸು. ಮೊದಲು ನಿಧಾನ, ಒಂದಾದ ಮೇಲೆ ಒಂದು. ಆಮೇಲೆ ತೊಗಲು ಕಿರುಗುಟ್ಟಿತು. ಹಾಗೆ ಕಿರುಗುಟ್ಟಿದ ಮೇಲೆ, ಮೊದಲಲ್ಲ, ಮೇಲೆ, ಹೆಜ್ಜೆ ಎರಡೆರಡಾಗಿ ಕೂಡಿಕೊಂಡು ಕುಕ್ಕುಲೋಟ ಹಿಡಿಯಿತು. ಅವನ ಸುತ್ತ ಒಂದು ಸುತ್ತು ಬಂತು. ಪ್ರತಿಭಾಳ ಉಸಿರು ಅದರ ಜೊತೆ ಕೇಳಿಸಿತು. ಅವಳು ಒಂದು ಮಾತೂ ಆಡುತ್ತಿರಲಿಲ್ಲ.

ಪಿಳ್ಳಣ್ಣ ಕಣ್ಣು ತೆರೆಯಲಿಲ್ಲ. ಬಾದಾಮಿ ಎದುರಿಗೆ ಹಾದುಹೋಗುವಾಗಲೂ ತೆರೆಯಲಿಲ್ಲ. ಕಚ್ಚಿ ಹಿಡಿದ ನಾಲಗೆಯಲ್ಲಿ ರಕ್ತದ ರುಚಿ ಬಂತು.

"ಏಣಿ ತಗೊಂಬಾ ಸರ್ಫರಾಜ್," ಅಂದ ನಿರಂಜನ್. "ಆ ಬಾಕ್ಸ್ ಇಳಿಸ್ಬಿಡೋಣ."

"ಸದ್ದು ಮಾಡ್ಬ್ಯಾಡಿ," ಅಂದಳು ಗಂಗರತ್ನಮ್ಮ. "ಅವ್ರು ಕೇಳುಸ್ಕೊಂತಾವ್ರೆ."